ಆರು ಮಂದಿ ಸರಸ್ವತೀ ಭಂಡಾರಿಗರು

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಮಗ್ಗುಲಲ್ಲೇ ಇರುವ ನಾಗಾವಿಯಲ್ಲಿ 1058ರ ಶಾಸನವೊಂದಿದೆ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದ್ದು. ಅಲ್ಲಿನ ಘಟಿಕಾಸ್ಥಾನವೆಂಬ ವಿದ್ಯಾಲಯದಲ್ಲಿ ವೇದ ಓದುವವರೇ 200 ಮಂದಿ. ಶಾಸ್ತ್ರ ಓದುವವರು, ಪಾಠ ಹೇಳುವವರು ಬೇರೆ. ಇವರೆಲ್ಲರ ಜತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲಕರು. ಅವರ ಜೀವನಕ್ಕೆ ಬಿಟ್ಟ ಭೂಮಿಯ ವಿವರವನ್ನೂ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಆ ವಿದ್ಯಾಲಯದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ, ನಿಜ. ಆದರೂ ಓದಿಗೆ ಮೊದಲು ಏನೇನು ಬೇಕೆಂಬುದು ಕಟ್ಟಿಸಿದವರಿಗೆ ಚೆನ್ನಾಗಿ ಗೊತ್ತಿತ್ತು.

ಇವತ್ತು ಬಾಗಿಲು ತೆರೆದಿದೆ. ಚಿಂಚೋಳಿಯ ತಾಂಡಾದ ಹುಡುಗಿ, ವಾಡಿಯ ಸಿಮೆಂಟ್ ಕಾರ್ಮಿಕನ ಮಗ, ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿಯುವವರ ಮಕ್ಕಳು ಡಿಗ್ರಿಗೆ ಬರುತ್ತಿದ್ದಾರೆ. ಅನೇಕರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಇವರೇ ಮೊದಲಿಗರು. ಇವರಿಗೆ ಒಳಗೆ ಸಿಗುವುದೇನು ಎಂಬುದೇ ಗುಣಮಟ್ಟದ ಪ್ರಶ್ನೆ.

ಕಾಲೇಜುಗಳ ಗುಣಮಟ್ಟ ಅಳೆಯಲು 1994ರಲ್ಲಿ ಹುಟ್ಟಿದ ನ್ಯಾಕ್ ಅನ್ನು ನಾನು ಹಳಿಯುವುದಿಲ್ಲ. ಬೋಧನೆ, ಗ್ರಂಥಾಲಯ, ವಿದ್ಯಾರ್ಥಿ ಬೆಂಬಲ ಎಲ್ಲವೂ ಅದರ ಮಾನದಂಡಗಳ ವ್ಯಾಪ್ತಿಯಲ್ಲಿವೆ. ಆದರೆ ಅದರ ಪರಿಶೀಲನಾ ತಂಡವಾದ ಪೀರ್ ಟೀಮ್ ಬರುವ ಮುಂಚೆ ಗೋಡೆಗೆ ಸುಣ್ಣ, ಫೈಲಿಗೆ ಹೊಸ ಹೊದಿಕೆ, ಆಗದ ಸಭೆಗೂ ನಡಾವಳಿ. ತಂಡ ಹೊರಟ ಮೇಲೆ ಮುಂದಿನ ಸರದಿವರೆಗೆ ನಿದ್ದೆ. ಈ ರೂಢಿ ನಾಡಿನ ಎಷ್ಟೋ ಕಾಲೇಜುಗಳಲ್ಲಿದೆ. ಮಕ್ಕಳೂ ಇದನ್ನು ನೋಡುತ್ತಾರೆ. ಸುಳ್ಳು ದಾಖಲೆಯನ್ನು ಗುರುಗಳೇ ಬರೆಯಬಹುದೆಂದು ಕಲಿಯುತ್ತಾರೆ. ನನಗೆ ಅತಿ ಹೆಚ್ಚು ನೋವು ಕೊಡುವುದು ಇದೇ.

ಗ್ರಂಥಾಲಯದ ಪುಸ್ತಕವೊಂದನ್ನು ತೆಗೆದು, ಹಿಂದಿನ ಪುಟಕ್ಕೆ ಅಂಟಿಸಿದ ದಿನಾಂಕದ ಚೀಟಿ ನೋಡಿ. ಕೊನೆಯ ಮುದ್ರೆ ಬಿದ್ದು ಎಷ್ಟು ವರ್ಷವಾಯಿತು? ಕಾಲೇಜಿನ ಗುಣಮಟ್ಟ ಕೋಶ ತಿಂಗಳಿಗೊಮ್ಮೆ ಆ ಚೀಟಿಗಳನ್ನೇ ಮುಂದಿಟ್ಟುಕೊಂಡು ಕೂರಲಿ. ನಡೆಯಬೇಕಿದ್ದ ಎಷ್ಟು ತರಗತಿ ನಡೆಯಲಿಲ್ಲ, ಏಕೆ ಎಂಬುದನ್ನು ಬಚ್ಚಿಡದೆ ಬರೆಯಲಿ.

ಎಲ್ಲವನ್ನೂ ಪ್ರಾಂಶುಪಾಲರ ತಲೆಗೆ ಕಟ್ಟಲಾಗದು. ಸರ್ಕಾರಿ ಪದವಿ ಕಾಲೇಜುಗಳ ಪಾಠದ ಬಹುಭಾರ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಸೆಮಿಸ್ಟರ್ ಶುರುವಾದ ಮೇಲೆ ಅವರ ನೇಮಕವಾದರೆ ಮೊದಲ ಘಟಕದ ಪಾಠ ಯಾರು ಮಾಡಬೇಕು? ಸಂವಿಧಾನದ 371(ಜೆ) ವಿಧಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸೀಟು, ನೌಕರಿಗಳಲ್ಲಿ ಮೀಸಲು ಕೊಟ್ಟಿತು. ಆ ಸೀಟಿನ ಎದುರು ಮೇಷ್ಟರು ನಿಲ್ಲುವಂತೆ ಮಾಡುವುದು ಸರ್ಕಾರದ ಕೆಲಸ.

ಸೇಡಂನಿಂದ ಶಹಾಬಾದಿನವರೆಗಿನ ಕಾಲೇಜುಗಳು ಈ ವರ್ಷ ಒಂದು ಕೆಲಸ ಮಾಡಬಹುದು: ಗ್ರಂಥಾಲಯದ ಸಮಯವನ್ನು ಮಕ್ಕಳ ಬಸ್ಸು, ರೈಲುಗಳ ವೇಳೆಗೆ ಹೊಂದಿಸುವುದು. ಇದಕ್ಕೆ ಬೆಂಗಳೂರಿನ ಆದೇಶ ಕಾಯಬೇಕಿಲ್ಲ.