ಗಾಳಿಗೂ ಅಳತೆ ಬೇಕು



ಚಕ್ರಗಳಿಗೆ ಗಾಳಿ ತುಂಬುವ ಸಣ್ಣ ಯಂತ್ರಗಳು ಈಗ ಎಲ್ಲೆಡೆ ಮಾರಾಟಕ್ಕೆ ಬಂದಿವೆ. ತುಮಕೂರಿನ ಪೇಟೆಗೆ ಹೋಗಿ ತರಬಹುದು; ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಯಲ್ಲಿ ಕುಳಿತೇ ಮೊಬೈಲಿನಲ್ಲಿ ತರಿಸಿಕೊಳ್ಳಲೂಬಹುದು. ಕೈಚೀಲದಲ್ಲಿ ಹಿಡಿಸುವ ಈ ಯಂತ್ರವನ್ನು ಕಾರಿನ ಬ್ಯಾಟರಿಗೆ ಜೋಡಿಸಿದರೆ, ಇಲ್ಲವೆ ಅದರೊಳಗಿನ ಬ್ಯಾಟರಿಯನ್ನು ಮನೆಯ ವಿದ್ಯುತ್ತಿನಿಂದ ಚಾರ್ಜ್ ಮಾಡಿಟ್ಟುಕೊಂಡರೆ, ಎಲ್ಲಿ ಬೇಕಾದರೂ ಗಾಳಿ ಹೊಡೆಯಬಹುದು. ಕಾರಿಗೂ ಆಗುತ್ತದೆ, ಬೈಕಿಗೂ ಆಗುತ್ತದೆ, ಟ್ರಾಕ್ಟರಿಗೂ ಟ್ರೈಲರಿಗೂ ಆಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಈ ಮಾತಿನ ಮೊದಲರ್ಧ ನಿಜ, ಉಳಿದರ್ಧವನ್ನು ಪರೀಕ್ಷಿಸಿ ನಂಬಬೇಕು. ದುಡ್ಡು ಕೊಡುವ ಮುಂಚೆ ನಿಮ್ಮ ಮನೆಯಲ್ಲಿ ಯಾವ ಯಾವ ಚಕ್ರಗಳಿವೆ, ಅವು ಎಷ್ಟು ಗಾಳಿ ಕೇಳುತ್ತವೆ ಎಂಬ ಲೆಕ್ಕ ಹಾಕಿಕೊಳ್ಳುವುದು ಅವಶ್ಯ.

ಭಾರ ಹೊರುವುದು ಗಾಳಿ

ಗಾಳಿ ತುಂಬಿದ ಚಕ್ರವನ್ನು ಬಳಕೆಗೆ ತಂದವರು ದನಕರುಗಳ ವೈದ್ಯರೊಬ್ಬರೆಂಬುದು ಈ ಪುಟದ ಓದುಗರಿಗೆ ಸಂತೋಷದ ಸಂಗತಿ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಅವರು ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗೆಂದು ಇದನ್ನು ಮಾಡಿ 1888ರಲ್ಲಿ ಪೇಟೆಂಟ್ ಪಡೆದರು. ಅಂದಿನಿಂದ ಇಂದಿನವರೆಗೂ ಅದರ ತತ್ತ್ವ ಒಂದೇ. ವಾಹನದ ಭಾರವನ್ನು ಹೊರುವುದು ಬಹುಮಟ್ಟಿಗೆ ರಬ್ಬರಲ್ಲ, ಒಳಗೆ ಒತ್ತಿ ತುಂಬಿದ ಗಾಳಿ. ಗಾಳಿ ಕಡಿಮೆಯಾದರೆ ಆ ಭಾರವನ್ನು ಟಯರಿನ ಪಕ್ಕೆಗಳು ಹೊರಬೇಕಾಗುತ್ತದೆ. ಚಕ್ರ ಒಂದು ಸುತ್ತು ಬಂದಾಗಲೆಲ್ಲ ಪಕ್ಕೆ ಮಡಚಿ ಬಿಚ್ಚಿಕೊಳ್ಳುತ್ತದೆ, ಕಾಯುತ್ತದೆ, ಒಳಗಿನ ನೂಲಿನ ಪದರಗಳು ಬಿಟ್ಟುಕೊಳ್ಳುತ್ತವೆ. ಕೊನೆಗೆ ಒಂದು ದಿನ ಟಯರು ಸಿಡಿಯುತ್ತದೆ.

ಊರೊಳಗಿನ ಗಾಡಿದಾರಿಯಲ್ಲಿ ಸಿಡಿದರೆ ಒಂದು ಟಯರು ಹೋದೀತು. ತುಮಕೂರನ್ನು ಹಾದುಹೋಗುವ 48ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಾಗಲಿ, ಕುಣಿಗಲ್ ಮೂಲಕ ಮಂಗಳೂರಿಗೆ ಹೋಗುವ 75ನೆಯ ಹೆದ್ದಾರಿಯಲ್ಲಾಗಲಿ, ಗುಬ್ಬಿಯ ಮೇಲೆ ಹೋಗುವ 73ನೆಯ ಹೆದ್ದಾರಿಯಲ್ಲಾಗಲಿ ಸಿಡಿದರೆ ಹೋಗುವುದು ಟಯರು ಮಾತ್ರವಲ್ಲ. ತೆಂಗಿನಕಾಯಿಯನ್ನೋ ರಾಗಿ ಹುಲ್ಲನ್ನೋ ಹೇರಿಕೊಂಡು, ಅದರ ಮೇಲೆ ಆಳುಗಳನ್ನೂ ಕೂರಿಸಿಕೊಂಡು ಹೊರಟ ಟ್ರೈಲರಿನ ಒಂದು ಚಕ್ರ ಕುಸಿದರೆ ಏನಾಗುವುದೆಂದು ವಿವರಿಸಬೇಕಾಗಿಲ್ಲ. ಹೇರಿನ ಮೇಲೆ ಜನರನ್ನು ಕೂರಿಸುವುದು ಗಾಳಿ ಸರಿಯಿದ್ದರೂ ತಪ್ಪೇ.

ಗಾಳಿ ಹೆಚ್ಚಾದರೂ ಕೇಡೇ. ಟಯರಿನ ನಡುಭಾಗ ಮಾತ್ರ ನೆಲಕ್ಕೆ ತಾಗಿ ಬೇಗ ಸವೆಯುತ್ತದೆ, ವಾಹನ ಕುಪ್ಪಳಿಸುತ್ತದೆ, ಬ್ರೇಕಿನ ಹಿಡಿತ ತಗ್ಗುತ್ತದೆ. ನಿಮ್ಮ ಟಯರನ್ನೇ ನೋಡಿ: ಎರಡು ಅಂಚುಗಳು ಸವೆದಿದ್ದರೆ ಸಾಮಾನ್ಯವಾಗಿ ಗಾಳಿ ಕಡಿಮೆಯಿತ್ತೆಂದೂ, ನಡುವೆ ಸವೆದಿದ್ದರೆ ಹೆಚ್ಚಾಗಿತ್ತೆಂದೂ ತಿಳಿಯಬಹುದು.

ಮೊದಲು ಅಳತೆ, ಆಮೇಲೆ ಯಂತ್ರ

ಒದ್ದು ನೋಡಿ, ಹೆಬ್ಬೆರಳಿನಿಂದ ಒತ್ತಿ ನೋಡಿ ಗಾಳಿ ಸರಿಯಿದೆ ಎನ್ನುವುದು ನಮ್ಮಲ್ಲಿ ರೂಢಿ. ಸೈಕಲ್ಲಿಗೆ ಇದು ನಡೆದೀತು; ಬೇರೆ ವಾಹನಗಳಿಗೆ ನಡೆಯದು. ಹತ್ತು ಪೌಂಡು ಕಡಿಮೆಯಿರುವ ಕಾರಿನ ಚಕ್ರವೂ ಕಣ್ಣಿಗೆ ಸರಿಯಾಗಿಯೇ ಕಾಣಬಹುದು. ಆದ್ದರಿಂದ ಯಂತ್ರಕ್ಕೆ ಮೊದಲು ಕೊಳ್ಳಬೇಕಾದುದು ಗಾಳಿ ಅಳೆಯುವ ಮೀಟರು. ಜೇಬಿನಲ್ಲಿ ಹಿಡಿಸುವ ಈ ಮೀಟರಿಗೆ ಬೆಲೆಯೂ ಕಡಿಮೆ.

ಅಳತೆಯನ್ನು ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂದು ಹೇಳುತ್ತಾರೆ. ಅದೇ ಪಿ.ಎಸ್.ಐ. ಕೆಲವು ಯಂತ್ರಗಳು ಬಾರ್ ಎಂದೂ ಕೆ.ಪಿ.ಎ. ಎಂದೂ ತೋರಿಸುತ್ತವೆ. 33 ಪೌಂಡು ಎಂದರೆ ಸುಮಾರು 2.3 ಬಾರ್, ಅಥವಾ 230 ಕೆ.ಪಿ.ಎ. ಗುಂಡಿ ಒತ್ತುವ ಮೊದಲು ಯಾವ ಅಳತೆಯಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 30ರಿಂದ 35 ಪೌಂಡು ಬೇಕು. ಬೈಕಿನ ಮುಂದಿನ ಚಕ್ರಕ್ಕೆ ಸುಮಾರು 25 ಸಾಕು. ಹಿಂದಿನದಕ್ಕೆ ಅದಕ್ಕಿಂತ ಹೆಚ್ಚು ಬೇಕು, ಹಿಂದೆ ಇನ್ನೊಬ್ಬರು ಕೂತರೆ ಮತ್ತಷ್ಟು. ಟ್ರಾಕ್ಟರಿನ ದೊಡ್ಡ ಹಿಂಚಕ್ರಕ್ಕೆ ಬೇಕಾಗುವುದು 12ರಿಂದ 20 ಪೌಂಡಿನ ಆಸುಪಾಸು ಮಾತ್ರ. ಮುಂದಿನ ಸಣ್ಣ ಚಕ್ರಕ್ಕೆ ಅದಕ್ಕಿಂತ ಹೆಚ್ಚು ಬೇಕು, ಹೇರು ಹೊರುವ ಟ್ರೈಲರಿನ ಚಕ್ರಕ್ಕೆ ಅದಕ್ಕೂ ಬಹಳ ಹೆಚ್ಚು. ಇವು ಅಂದಾಜುಗಳು. ನಿಮ್ಮ ವಾಹನದ ಸರಿಯಾದ ಅಂಕಿ ಅದರ ಕೈಪಿಡಿಯಲ್ಲಿರುತ್ತದೆ. ಕಾರಿನಲ್ಲಾದರೆ ಚಾಲಕನ ಬಾಗಿಲು ತೆರೆದಾಗ ಕಾಣುವ ಚೀಟಿಯಲ್ಲೂ ಇರುತ್ತದೆ. ಕಾರಿನ ಟಯರಿನ ಮೈಮೇಲೆ ಅಚ್ಚಾಗಿರುವ ದೊಡ್ಡ ಅಂಕಿ ಆ ಟಯರು ತಾಳಿಕೊಳ್ಳುವ ಗರಿಷ್ಠ ಒತ್ತಡ. ಅಷ್ಟು ತುಂಬಿ ಎಂದು ಅದರ ಅರ್ಥವಲ್ಲ.

ಯಾವ ಮನೆಗೆ ಯಾವ ಪಂಪು?

ಯಂತ್ರದ ಡಬ್ಬಿಯ ಮೇಲೆ 150 ಪೌಂಡು ಎಂದು ಬರೆದಿರುವುದನ್ನು ನೋಡಿ ಮೋಸ ಹೋಗದಿರಿ. ಅದು ಒತ್ತಡದ ಮಿತಿ. ನಿಮಿಷಕ್ಕೆ ಎಷ್ಟು ಲೀಟರು ಗಾಳಿ ದೂಡುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಒಂದು ಲೆಕ್ಕ ನೋಡಿ. ಸಣ್ಣ ಕಾರಿನ ಟಯರಿನೊಳಗೆ ಸುಮಾರು 30 ಲೀಟರು ಜಾಗವಿದೆ. 25 ಪೌಂಡಿನಿಂದ 33ಕ್ಕೆ ಏರಿಸಲು ಹೊರಗಿನ ಗಾಳಿ ಸುಮಾರು 16 ಲೀಟರು ಸಾಕು. ಟ್ರಾಕ್ಟರಿನ 13.6–28 ಅಳತೆಯ ಹಿಂಚಕ್ರದೊಳಗೆ ಸುಮಾರು 200 ಲೀಟರು ಜಾಗವಿದೆ. 6 ಪೌಂಡಿನಿಂದ 16ಕ್ಕೆ ಏರಿಸಲು ಸುಮಾರು 136 ಲೀಟರು ಗಾಳಿ ಬೇಕು. ಕಾರಿನ ಕೆಲಸಕ್ಕೆ 2 ನಿಮಿಷ ಹಿಡಿಯುವ ಯಂತ್ರಕ್ಕೆ ಟ್ರಾಕ್ಟರಿನ ಒಂದು ಚಕ್ರಕ್ಕೇ ಕಾಲು ಗಂಟೆಗೂ ಹೆಚ್ಚು ಬೇಕು. ಅಷ್ಟರಲ್ಲಿ ಯಂತ್ರ ಸುಡುವಷ್ಟು ಕಾದಿರುತ್ತದೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ಗಾದೆ ಇಲ್ಲಿಗೆ ಒಪ್ಪುತ್ತದೆ.

ಆದ್ದರಿಂದ ಹೀಗೆ ಯೋಚಿಸಿ. ಮನೆಯಲ್ಲಿ ಸೈಕಲ್ಲು, ಬೈಕು ಮಾತ್ರ ಇದ್ದರೆ ಒಳ್ಳೆಯ ಕಾಲುಪಂಪು ಸಾಕು. ಅದಕ್ಕೆ ಕರೆಂಟೂ ಬೇಡ, ಬ್ಯಾಟರಿಯೂ ಬೇಡ. ಕಾರಿದ್ದರೆ ಬ್ಯಾಟರಿಯ ಸಣ್ಣ ಯಂತ್ರ ನಿಜವಾಗಿಯೂ ಉಪಯುಕ್ತ. ಟ್ಯೂಬ್‌ಲೆಸ್ ಚಕ್ರ, ಪಂಕ್ಚರ್ ಸರಿಪಡಿಸುವ ಸಾಮಗ್ರಿ ಮತ್ತು ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಇರುವ ಸಣ್ಣ ವಾಹನಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದು ಕೇಂದ್ರ ಸರ್ಕಾರ 2020ರಲ್ಲಿ ನಿಯಮ ಬದಲಿಸಿದೆ. ಸ್ಟೆಪ್ನಿ ಇಲ್ಲದ ಕಾರಿನವರಿಗೆ ಪಂಪು ಇರಲೇಬೇಕು. ಟ್ರಾಕ್ಟರು, ಟ್ರೈಲರುಗಳಿಗೆ ಮಾತ್ರ ಗಾಳಿ ಸಂಗ್ರಹಿಸುವ ಟ್ಯಾಂಕಿರುವ ದೊಡ್ಡ ಕಂಪ್ರೆಸರೇ ಸರಿ. ಅದನ್ನು ಒಬ್ಬರೇ ಕೊಳ್ಳುವುದು ದುಬಾರಿ. ನಾಲ್ಕಾರು ಟ್ರಾಕ್ಟರುಗಳಿರುವ ಊರಿನಲ್ಲಿ ಎಲ್ಲರೂ ಸೇರಿ ಒಂದನ್ನು ಇಟ್ಟುಕೊಳ್ಳಬಹುದು.

ಕೊಳ್ಳುವಾಗ ಇವನ್ನು ಕೇಳಿ: ಬೇಕಾದ ಅಂಕಿಗೆ ಬಂದೊಡನೆ ತಾನೇ ನಿಲ್ಲುತ್ತದೆಯೆ? ಎಷ್ಟು ನಿಮಿಷ ಓಡಿಸಿ ಎಷ್ಟು ನಿಮಿಷ ಬಿಡಬೇಕು? ವೈರು ಹಿಂದಿನ ಚಕ್ರದವರೆಗೂ ಬರುತ್ತದೆಯೆ? ಕತ್ತಲಲ್ಲಿ ದೀಪವಿದೆಯೆ? ಸೈಕಲ್ಲಿನ ಮೂತಿ, ಚೆಂಡಿನ ಸೂಜಿ ಕೊಡುತ್ತಾರೆಯೆ? ಅಂಗಡಿಯಲ್ಲೇ ಒಂದು ಚಕ್ರಕ್ಕೆ ಹೊಡೆಸಿ, ಬೇರೆ ಮೀಟರಿನಿಂದ ಅಳೆದು ನೋಡಿ. ಬಿಲ್ಲಿಲ್ಲದೆ ಕೊಳ್ಳಬೇಡಿ. ಮೋಸವಾದರೆ 1915ಕ್ಕೆ ದೂರವಾಣಿ ಮಾಡಿ ದೂರು ಕೊಡಬಹುದು. ಬಿಲ್ಲಿದ್ದರೆ ದೂರಿಗೆ ಬಲ.

ಬಳಸುವ ಕ್ರಮ

ಬೆಳಿಗ್ಗೆ ವಾಹನ ಹೊರಡುವ ಮೊದಲು, ಚಕ್ರ ತಣ್ಣಗಿರುವಾಗ ಅಳೆಯಿರಿ. ಓಡಿ ಬಂದ ಚಕ್ರದ ಗಾಳಿ ಕಾದು ಒತ್ತಡ ಏರಿರುತ್ತದೆ. ಆಗ ಹೆಚ್ಚಾಯಿತೆಂದು ಗಾಳಿ ಬಿಟ್ಟರೆ ತಣಿದ ಮೇಲೆ ಕಡಿಮೆಯಾಗುತ್ತದೆ. ಹವೆಯ ಉಷ್ಣತೆ ಐದಾರು ಡಿಗ್ರಿ ಇಳಿದರೆ ಕಾರಿನ ಚಕ್ರದಲ್ಲಿ ಸುಮಾರು 1 ಪೌಂಡು ಇಳಿಯುತ್ತದೆ. ಬೇಸಿಗೆಯಲ್ಲಿ ಸರಿಯಿದ್ದ ಚಕ್ರ ಧನುರ್ಮಾಸದ ಚಳಿಯಲ್ಲಿ ಎರಡು ಮೂರು ಪೌಂಡು ಕಡಿಮೆ ತೋರಿಸಿದರೆ ಪಂಕ್ಚರ್ ಎಂದು ಗಾಬರಿಯಾಗಬೇಡಿ. ಚೆನ್ನಾಗಿರುವ ಚಕ್ರವೂ ತಿಂಗಳಿಗೆ ಸುಮಾರು 1 ಪೌಂಡು ಕಳೆದುಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ನೋಡಿದರೆ ಸಾಕು, ಸ್ಟೆಪ್ನಿಯನ್ನೂ ಮರೆಯದಿರಿ.

ಕಾರಿನ ಬ್ಯಾಟರಿಯಿಂದ ಯಂತ್ರ ನಡೆಸುವಾಗ ಎಂಜಿನ್ ಓಡುತ್ತಿರಲಿ, ವಾಹನ ಬಯಲಲ್ಲಿರಲಿ. ಮುಚ್ಚಿದ ಷೆಡ್ಡಿನಲ್ಲಿ ಎಂಜಿನಿನ ಹೊಗೆ ಪ್ರಾಣಕ್ಕೆ ಅಪಾಯ. ಬೈಕಿನ ಸಣ್ಣ ಬ್ಯಾಟರಿಗಾಗಲಿ, ಔಷಧಿ ಸಿಂಪಡಿಸುವ ಯಂತ್ರದ ಬ್ಯಾಟರಿಗಾಗಲಿ ಕಾರಿನ ಪಂಪು ಜೋಡಿಸಬೇಡಿ. ಅದು ಎಳೆಯುವಷ್ಟು ಕರೆಂಟು ಕೊಡುವ ಶಕ್ತಿ ಅವಕ್ಕಿಲ್ಲ. ಕೆಲಸ ಮುಗಿದ ಮೇಲೆ ಲೋಹದ ಮೂತಿ ಕೈ ಸುಡುವಷ್ಟು ಕಾದಿರುತ್ತದೆ, ಜಾಗ್ರತೆ. ಚಾರ್ಜ್ ಮಾಡುವ ಯಂತ್ರವನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬಾರದು. ಮೂರು ತಿಂಗಳಿಗೊಮ್ಮೆಯಾದರೂ ಚಾರ್ಜ್ ಮಾಡಬೇಕು. ವಾಲ್ವಿನ ಮುಚ್ಚಳ ಕಳೆದುಹೋಗಿದ್ದರೆ ಹೊಸದನ್ನು ಹಾಕಿ, ನಮ್ಮ ದಾರಿಗಳ ಕೆಮ್ಮಣ್ಣಿನ ಧೂಳು ಒಳಗೆ ಹೋಗದಿರಲಿ.

ಟ್ಯೂಬ್‌ಲೆಸ್ ಟಯರಿಗೆ ಮೊಳೆ ನೆಟ್ಟಿದ್ದರೆ ದಾರಿಯಲ್ಲಿ ಅದನ್ನು ಕೀಳದೆ, ಗಾಳಿ ತುಂಬಿ, ನಿಧಾನವಾಗಿ ಹತ್ತಿರದ ಪಂಕ್ಚರ್ ಅಂಗಡಿಗೆ ಹೋಗಿ. ಯಂತ್ರ ಪಂಕ್ಚರ್ ಹಾಕುವುದಿಲ್ಲ, ಅಂಗಡಿಯವರೆಗೆ ಮುಟ್ಟಿಸುತ್ತದೆ ಅಷ್ಟೆ. ಗಾಳಿಯಿಲ್ಲದೆ ಬಹಳ ದೂರ ಓಡಿದ ಟಯರಿಗೆ ಮಾತ್ರ, ಬಿಚ್ಚಿಸಿ ಒಳಗೆ ನೋಡಿಸದೆ, ಮತ್ತೆ ಗಾಳಿ ತುಂಬಬಾರದು.

ಟ್ರಾಕ್ಟರಿನವರಿಗೆ ಎರಡು ಮಾತು. ಹೊಲದಲ್ಲಿ ಗಾಳಿ ಸ್ವಲ್ಪ ಕಡಿಮೆಯಿದ್ದರೆ ಚಕ್ರ ಅಗಲವಾಗಿ ಊರಿ ಹಿಡಿತ ಸಿಗುತ್ತದೆ, ಮಣ್ಣು ಗಟ್ಟಿಯಾಗುವುದೂ ತಗ್ಗುತ್ತದೆ. ತೆಂಗು, ಅಡಿಕೆ ತೋಟಗಳ ಬೇರಿಗೆ ಇದು ಹಿತ. ಆದರೆ ಅದೇ ಗಾಳಿಯಲ್ಲಿ ಹೇರು ಎಳೆದು ಡಾಂಬರು ರಸ್ತೆಗೆ ಬರಬಾರದು. ಎರಡಕ್ಕೂ ಕೈಪಿಡಿಯ ಅಂಕಿಯನ್ನೇ ಅನುಸರಿಸಿ. ಹಿಂಚಕ್ರಕ್ಕೆ ನೀರು ತುಂಬಿಸಿದ್ದರೆ ವಾಲ್ವು ಮೇಲ್ಗಡೆ ಬರುವಂತೆ ನಿಲ್ಲಿಸಿ ಅಳೆಯಿರಿ. ಇಲ್ಲದಿದ್ದರೆ ನೀರು ಮೀಟರಿಗೆ ನುಗ್ಗುತ್ತದೆ.

ಇವನ್ನು ಮಾಡಲೇಬೇಡಿ

ಬಿಚ್ಚುವ ರಿಂಗಿನ ಡಿಸ್ಕ್ ಇರುವ ಲಾರಿ, ಟ್ರೈಲರ್ ಚಕ್ರಗಳಿಗೆ ಪಂಕ್ಚರ್ ಹಾಕಿ ಜೋಡಿಸಿದ ಮೇಲೆ ಮನೆಯಲ್ಲಿ ಗಾಳಿ ತುಂಬಬೇಡಿ. ರಿಂಗು ಸರಿಯಾಗಿ ಕೂರದಿದ್ದರೆ ಗುಂಡಿನಂತೆ ಹಾರಿ ಎದುರಿಗಿದ್ದವರನ್ನು ಕೊಲ್ಲಬಲ್ಲದು. ಅದು ಅನುಭವವುಳ್ಳವರು ರಕ್ಷಣೆಯ ಕಟಕಟೆಯೊಳಗಿಟ್ಟು ಮಾಡಬೇಕಾದ ಕೆಲಸ. ಯಾವುದೇ ದೊಡ್ಡ ಚಕ್ರಕ್ಕೆ ಗಾಳಿ ಹೊಡೆಯುವಾಗ ಅದರ ಎದುರಿಗೆ ನಿಲ್ಲದೆ ಒಂದು ಬದಿಗೆ ನಿಲ್ಲಿ, ಮಕ್ಕಳನ್ನು ದೂರವಿಡಿ. ವೆಲ್ಡಿಂಗಿನ ಆಮ್ಲಜನಕವನ್ನಾಗಲಿ ಅಡುಗೆ ಅನಿಲವನ್ನಾಗಲಿ ಚಕ್ರಕ್ಕೆ ತುಂಬಬಾರದು. ಗಾಳಿಯ ಪೈಪನ್ನು ತಮಾಷೆಗೂ ಮನುಷ್ಯರ ಮೈಗೆ ಹಿಡಿಯಬಾರದು. ಒತ್ತಡದ ಗಾಳಿ ದೇಹದೊಳಗೆ ಹೊಕ್ಕು ಪ್ರಾಣ ತೆಗೆಯಬಲ್ಲದು.

ಹೊಣೆ ಎಲ್ಲರದು

ಇಷ್ಟೆಲ್ಲ ಹೇಳಿದ ಮೇಲೆ, ಹೊಣೆಯನ್ನು ರೈತನ ತಲೆಯ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ. ಪೆಟ್ರೋಲ್ ಬಂಕುಗಳು ಉಚಿತವಾಗಿ ಗಾಳಿ ಒದಗಿಸಬೇಕೆಂಬುದು ತೈಲ ಕಂಪೆನಿಗಳ ನಿಯಮ. ಯಂತ್ರ ಕೆಟ್ಟಿದೆ, ಹುಡುಗ ಬಂದಿಲ್ಲ ಎಂಬ ಉತ್ತರ ಬಂದಾಗ ಸುಮ್ಮನೆ ಹಿಂದಿರುಗದೆ ಅಲ್ಲಿನ ದೂರು ಪುಸ್ತಕ ಕೇಳಿ ಬರೆಯಿರಿ. ಬಾಡಿಗೆಗೆ ಕೃಷಿ ಯಂತ್ರ ಕೊಡುವ ಕೇಂದ್ರಗಳು ಒಂದು ಕಂಪ್ರೆಸರನ್ನೂ ನಂಬಲರ್ಹ ಮೀಟರನ್ನೂ ಇಟ್ಟರೆ ಸುತ್ತಲ ಹಳ್ಳಿಗಳಿಗೆ ದೊಡ್ಡ ಉಪಕಾರ. ಟ್ರಾಕ್ಟರು, ಟ್ರೈಲರು ಮಾರುವವರು ಯಾವ ಚಕ್ರಕ್ಕೆ ಎಷ್ಟು ಗಾಳಿ ಎಂಬುದನ್ನು ಕನ್ನಡದಲ್ಲಿ ಬರೆದು ವಾಹನದ ಮೇಲೆಯೇ ಅಂಟಿಸಿಕೊಡಬೇಕು. ಇದಕ್ಕೆ ಅವರಿಗೆ ಆಗುವ ಖರ್ಚು ಏನೂ ಇಲ್ಲ.

ನಿಮ್ಮ ಕೈಯಲ್ಲಿರುವ ಕೆಲಸವನ್ನು ಈ ವಾರವೇ ಮಾಡಿ. ಕೈಪಿಡಿ ಹುಡುಕಿ, ಪ್ರತಿ ಚಕ್ರದ ಅಂಕಿಯನ್ನು ಬಣ್ಣದಲ್ಲಿ ಮಡ್‌ಗಾರ್ಡಿನ ಮೇಲೆ ಬರೆಸಿ. ಒಂದು ಮೀಟರು ಕೊಂಡು ಚಾಲಕನ ಕೈಗೆ ಕೊಡಿ. ಓದು ಬಲ್ಲವರು ಈ ಅಂಕಿಗಳನ್ನು ವಾಚನಾಲಯದ ಗೋಡೆಯ ಮೇಲೆ ಬರೆದು ಹಾಕಿದರೆ ಓದಲು ಬಾರದವರಿಗೂ ಕೇಳಿ ತಿಳಿಯಲು ಅನುಕೂಲ. ಪಂಪು ಕೊಳ್ಳುವ ಮಾತು ಆಮೇಲೆ. ಮುಂದಿನ ಹೇರು ಊರು ಬಿಡುವ ಮೊದಲು ಟ್ರೈಲರಿನ ಚಕ್ರಗಳನ್ನು ಒಮ್ಮೆ ಅಳೆದು ನೋಡಿ.