ಮೊದಲು ಕುರಿಗೆ ದಾರಿ ಬಿಡ್ರಿ, ಆಮೇಲೆ ನೋಡೋಕೆ ಬರ್ರಿ

ಹೋದ ಸಲ ಮಾವಿನಕಾಯಿ ಉಪ್ಪಿನಕಾಯಿ ಬಗ್ಗೆ ಬರೆದಿದ್ದೆ, ಈ ಸಲ ಕುರಿ ಬಗ್ಗೆ ಬರೀತೀನಿ. ನಗಬೇಡ್ರಿ. ಒಂದೂವರೆ ವರ್ಷದಿಂದ ಮನಸ್ಸಲ್ಲಿ ಕುಂತಿರೋ ಮಾತು ಇದು, ನಮ್ಮ ಅತ್ತಿಗೆ ಮುಂದೆ ಹೇಳೋಕೆ ಆಗದೆ ಇಲ್ಲಿ ಹೇಳ್ತಾ ಇದೀನಿ.

ನಿಮಗೆ ಗೊತ್ತಿರೋ ಹಂಗೆ ನನ್ನ ತವರುಮನೆ ಜಗಳೂರು ಕಡೆ. ಕುರಿ ಸಾಕೋ ಮನೆತನ. ಕೊಟ್ಟಿದ್ದು ಚನ್ನಗಿರಿಗೆ. ನಮ್ಮ ಕಡೆ ಮಳೆ ಕಮ್ಮಿ, ಹುಲ್ಲೂ ಕಮ್ಮಿ. ದೀಪಾವಳಿ ಕಳೆದ ಮೇಲೆ ಅಪ್ಪ ಮಂದೆ ಹೊಡ್ಕೊಂಡು ಭದ್ರಾ ನಾಲೆ ನೀರು ಹರಿಯೋ ಚನ್ನಗಿರಿ, ಹೊನ್ನಾಳಿ ಕಡೆ ಬರೋರು. ಭತ್ತ ಕೊಯ್ದ ಗದ್ದೆಯ ಕೂಳೆ ಕುರಿಗೆ ಮೇವು, ಕುರಿ ಹಿಕ್ಕೆ ಗದ್ದೆಗೆ ಗೊಬ್ಬರ. ರಾತ್ರಿ ಒಬ್ಬರ ಹೊಲದಲ್ಲಿ ಮಂದೆ ನಿಲ್ಸಿದ್ರೆ ಹೊಲದವರು ಕಾಳು ಕೊಡೋರು, ಈಗ ದುಡ್ಡು ಕೊಡ್ತಾರೆ. ಮುಂಗಾರು ಮಳೆ ಬಿದ್ದ ಮೇಲೆ ವಾಪಸ್ ಜಗಳೂರು. ನಾನು ಚನ್ನಗಿರಿ ಸೊಸೆ ಆಗಿದ್ದೂ ಹಿಂಗೇ ನೋಡ್ರಿ. ನಮ್ಮ ಮಾವನ ಗದ್ದೆಯಲ್ಲಿ ಅಪ್ಪ ವರ್ಷ ವರ್ಷ ಮಂದೆ ನಿಲ್ಲಿಸ್ತಿದ್ರು. ಈಗ ಅದೇ ದಾರಿಯಲ್ಲಿ ಅಣ್ಣ ಅತ್ತಿಗೆ ಬರ್ತಾರೆ. ಆಗ ಕತ್ತೆ ಮೇಲೆ ಗಂಟುಮೂಟೆ, ಈಗ ಲಗೇಜ್ ಆಟೋದಲ್ಲಿ, ಅಷ್ಟೇ ವ್ಯತ್ಯಾಸ.

ಹೊನ್ನಾಳಿಗೆ ಕೊಟ್ಟಿರೋ ನನ್ನ ತಂಗಿಯ ಮಗಳು ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ ಮಾಡ್ತಾಳೆ. 2024ರ ಜುಲೈನಲ್ಲಿ ಗೆಳತೇರ ಜೊತೆ ಮಂಗೋಲಿಯಾಕ್ಕೆ ಹೋಗಿ ಬಂದ್ಲು. ಅಲ್ಲಿ ಕುರಿ, ಮೇಕೆ, ಕುದುರೆ ಹೊಡ್ಕೊಂಡು ಜಾಗ ಬದಲಾಯಿಸ್ತಾ ಬದುಕೋ ಜನ ಇವತ್ತಿಗೂ ಬಹಳ ಇದಾರೆ. ಅವರ ಗುಡಾರಕ್ಕೆ ಗೆರ್ ಅಂತಾರೆ. ಒಳಗೆ ಮರದ ಚೌಕಟ್ಟು, ಮೇಲೆ ಕುರಿ ಉಣ್ಣೆಯಿಂದ ಮಾಡಿದ ದಪ್ಪ ಹೊದಿಕೆ. ಬಿಚ್ಚಿ ಕಟ್ಕೊಂಡು ಹೊರಟುಬಿಡಬಹುದು. ಹೋದವರಿಗೆ ಉಪ್ಪು ಹಾಕಿದ ಹಾಲಿನ ಚಾ ಕೊಡ್ತಾರಂತೆ. ಬಲಗೈಯಲ್ಲೇ ಇಸ್ಕೋಬೇಕು. ಹೊಸ್ತಿಲು ತುಳಿಯಂಗಿಲ್ಲ. ಅದನ್ನ ಕೇಳಿ ನಾನು, "ಅಯ್ಯೋ, ಇದು ನಮ್ಮ ಮನೆ ಕತೆನೇ ಅಲ್ವೇನೆ!" ಅಂದೆ. ಹೊಸ್ತಿಲು ತುಳಿದ್ರೆ ನಮ್ಮವ್ವ ಬೈತಿದ್ದಿದ್ದು ಇನ್ನೂ ಕಿವಿಯಲ್ಲಿ ಐತೆ.

ಆಗ ಅವಳು, "ದೊಡ್ಡವ್ವ, ಅಷ್ಟು ದೂರ ದುಡ್ಡು ಕೊಟ್ಟು ಹೋಗಿ ಬಂದೆ. ನಮ್ಮ ಮಾವನ ಮಂದೆ ಜೊತೆ ಒಂದು ದಿನ ಇದ್ದಿದ್ದೇ ಇಲ್ಲ ನೋಡು. ನನ್ನ ಆಫೀಸಿನವರನ್ನ ಕರ್ಕೊಂಡು ಬರ್ತೀನಿ" ಅಂದ್ಲು. ನನಗೆ ಹೆಮ್ಮೆ ಆಯ್ತು. ಬರ್ರಿ ಅಂದುಬಿಟ್ಟೆ. ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅತ್ತಿಗೇನ ಮಾತ್ರ ಕೇಳಲಿಲ್ಲ. ತಪ್ಪು ಶುರುವಾಗಿದ್ದು ಅಲ್ಲೇ.

2025ರ ಸಂಕ್ರಾಂತಿ ಮುಗಿದ ಮೇಲೆ ಎಂಟು ಜನ ಬಂದ್ರು. ಒಳ್ಳೆ ಮಕ್ಕಳೇ, ಕೆಟ್ಟವರಲ್ಲ. ಬೆಳಿಗ್ಗೆ ಬರ್ತೀವಿ ಅಂದವರು ಬಂದಿದ್ದು ಹನ್ನೊಂದೂವರೆಗೆ. ಅಷ್ಟೊತ್ತಿಗೆ ಕುರಿ ಮೇಯೋಕೆ ಹೋಗಿದ್ವು. "ಫೋಟೋಕ್ಕೆ ಕುರಿ ಬೇಕು" ಅಂದ್ರು. ಮನೆಗೆ ಬಂದವರು ಅಂತ ಅಣ್ಣ ಮೇಯೋ ಕುರೀನ ಅರ್ಧಕ್ಕೇ ತಿರುಗಿಸಿಕೊಂಡು ಬಂದ. ಅವತ್ತು ಕುರಿಗಳಿಗೆ ಅರೆಹೊಟ್ಟೆ. ಅತ್ತಿಗೆ ಬಿಸಿಲಲ್ಲಿ ಮೂರು ಕಲ್ಲಿನ ಒಲೆ ಮುಂದೆ ಕುಂತು ನಲವತ್ತು ರೊಟ್ಟಿ ಬಡಿದ್ಲು. ಅವಳು ರೊಟ್ಟಿ ಬಡಿಯೋದು, ಸೆರಗಲ್ಲಿ ಬೆವರು ಒರೆಸ್ಕೊಳ್ಳೋದು ಎಲ್ಲಾ ವಿಡಿಯೋ ಮಾಡ್ಕೊಂಡ್ರು. ಹೋಗುವಾಗ ದುಡ್ಡು ಕೊಡೋಕೆ ಬಂದ್ರೆ ಅಣ್ಣ, "ರೊಟ್ಟಿಗೆ ದುಡ್ಡು ಇಸ್ಕೊಳ್ತಾರೇನವ್ವ" ಅಂತ ಬೇಡ ಅಂದ.

ವಾರ ಆದ ಮೇಲೆ ಆ ವಿಡಿಯೋ ತಿರುಗಿ ನಮ್ಮ ಓಣಿಯ ವಾಟ್ಸಾಪ್‌ಗೇ ಬಂತು. ಯಾರೋ ಅದರ ಕೆಳಗೆ ತಮಾಷೆ ಮಾಡಿ ಬರೆದಿದ್ರು. ಅತ್ತಿಗೆ ಅದನ್ನ ಪಕ್ಕದ ಮನೆಯವರ ಫೋನಲ್ಲಿ ನೋಡಿದ್ಲು.

ಅದೇ ತಿಂಗಳು ಒಂದು ಗಬ್ಬದ ಕುರಿ ಹೊಟ್ಟೆ ಉಬ್ಬರಿಸಿ ಸತ್ತುಹೋಯ್ತು. ಕೊಯ್ದು ನೋಡಿದ್ರೆ ಹೊಟ್ಟೆ ತುಂಬ ಪ್ಲಾಸ್ಟಿಕ್ ಕವರ್ ಉಂಡೆ. ಬಂದವರು ಬಿಟ್ಟುಹೋಗಿದ್ದ ಚಿಪ್ಸ್ ಕವರ್, ಮೊಸರಿನ ಪಾಕೀಟು ಗದ್ದೆ ಬದುವಲ್ಲಿ ಬಿದ್ದಿದ್ದನ್ನ ನಾನೇ ನೋಡಿದ್ದೆ. ಆದ್ರೂ ಅವರದ್ದೇ ಅಂತ ನಾನು ಆಣೆ ಮಾಡಲ್ಲ. ಇಂಥ ಕವರ್ ಬಹಳ ದಿನದಿಂದ ಒಂದೊಂದೇ ಒಳಗೆ ಸೇರ್ಕೊಂಡಿರ್ತದೆ ಅಂತ ದನದ ಡಾಕ್ಟರು ಹೇಳಿದ್ರು. ಸೂಳೆಕೆರೆ ದಂಡೆ ಕಡೆ ರಜಾ ದಿನ ಹೋಗಿ ನೋಡಿದ್ರೆ ನಿಮಗೇ ತಿಳೀತದೆ. ಶಾಂತವ್ವ ಅನ್ನೋ ಹೆಣ್ಣುಮಗಳು ಕಟ್ಟಿಸಿದ್ಲು ಅಂತ ನಾವು ಹೆಮ್ಮೆಯಿಂದ ಹೇಳೋ ಕೆರೆ ಅದು. ಅದರ ದಂಡೆ ಮೇಲೆ ತಟ್ಟೆ ಲೋಟ ಎಸೆದು ಬರ್ತೀವಿ.

ಅತ್ತಿಗೆ ಯುಗಾದಿವರೆಗೂ ನನ್ನ ಹತ್ರ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಒಂದೇ ಮಾತು ಅಂದ್ಲು: "ನನ್ನ ಒಲೆ ಮುಂದಕ್ಕೆ ಜನ ಕರ್ಕೊಂಡು ಬರೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳಬೇಕಿತ್ತು ಕಣವ್ವ." ನನ್ನ ಹತ್ರ ಉತ್ತರ ಇರಲಿಲ್ಲ.

ಇದನ್ನ ಈಗ ಯಾಕೆ ಬರೀತಿದೀನಿ ಅಂದ್ರೆ, ನಮ್ಮ ಸೀಮೆಗೆ ಪ್ರವಾಸಿಗರು ಬರಲಿ ಅಂತ ಎಲ್ಲಾ ಕಡೆ ಮಾತು ನಡೀತಾ ಐತೆ. ಸಂತೇಬೆನ್ನೂರು ಪುಷ್ಕರಣಿ, ನ್ಯಾಮತಿ ಕಡೆಯ ತೀರ್ಥರಾಮೇಶ್ವರ, ಸೂಳೆಕೆರೆ ನೋಡೋಕೆ ಬರೋರು ಬರಲಿ, ಬೇಡ ಅನ್ನಲ್ಲ. ಕಲ್ಲಿಗೆ, ನೀರಿಗೆ ಬೇಜಾರಿಲ್ಲ. ಆದ್ರೆ ಕುರಿಗಾಹಿ ಜೊತೆ ಒಂದು ದಿನ, ತಾಂಡಾದಲ್ಲಿ ಒಂದು ರಾತ್ರಿ ಅಂತ ಮನುಷ್ಯರ ಬದುಕನ್ನೇ ನೋಡೋಕೆ ಬರೋದು ಬೇರೆ.

ನ್ಯಾಮತಿಗೆ ಕೊಟ್ಟಿರೋ ನನ್ನ ಮಗಳ ಜೊತೆ ಹೋದ ಫೆಬ್ರವರಿಯಲ್ಲಿ ಸೂರಗೊಂಡನಕೊಪ್ಪಕ್ಕೆ ಹೋಗಿದ್ದೆ. ಸಂತ ಸೇವಾಲಾಲರು ಹುಟ್ಟಿದ ಜಾಗ. 1739ರಲ್ಲಿ ಹುಟ್ಟಿದ್ದು ಅಂತಾರೆ. ಜಯಂತಿಗೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ಒಂದು ಕಾಲಕ್ಕೆ ಲಂಬಾಣಿ ಜನ ಎತ್ತಿನ ಮೇಲೆ ಉಪ್ಪು, ದವಸ ಹೇರ್ಕೊಂಡು ದೇಶ ದೇಶ ತಿರುಗಿದವರು. ಆಮೇಲೆ ರೈಲು ಬಂತು, ಅವರ ಕಸುಬು ಹೋಯ್ತು. ತಿರುಗಾಡೋ ಜನ ಅಂದ್ರೆ ಕಳ್ಳರು ಅಂತ ಬ್ರಿಟಿಷರು 1871ರಲ್ಲಿ ಕಾಯ್ದೆ ಬೇರೆ ತಂದ್ರು. ಅಷ್ಟೆಲ್ಲಾ ಅನುಭವಿಸಿದ ಮನೆತನದ ಒಬ್ಬ ಅಜ್ಜಿ ಕನ್ನಡಿ ಕಸೂತಿ ಹಾಕಿದ ಬಟ್ಟೆ ತೊಟ್ಟು ಕುಂತಿತ್ತು. ಇಬ್ಬರು ಹುಡುಗರು ಕೇಳದೇ ಮುಖದ ಹತ್ರಕ್ಕೇ ಫೋನ್ ಹಿಡಿದ್ರು. ಅಜ್ಜಿ ಸೆರಗು ಎಳ್ಕೊಂಡು ಆ ಕಡೆ ತಿರುಗಿತು. ನನಗೆ ಅತ್ತಿಗೆ ನೆನಪಾದ್ಲು. ಅಂಥ ಕಸೂತಿ ಹಾಕೋಕೆ ತಿಂಗಳುಗಟ್ಟಲೆ ಬೇಕು. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಗುರುತು ಸಿಕ್ಕೈತೆ, ಹೊರದೇಶಕ್ಕೂ ಹೋಗ್ತದೆ. ಫೋಟೋ ಹೊಡೆಯೋ ಬದಲು ಒಂದು ಚೀಲ ಕೊಂಡ್ಕೊಂಡಿದ್ರೆ ಅಜ್ಜಿಯೇ ಮುಖ ತೋರಿಸಿ ಮಾತಾಡ್ತಿತ್ತೇನೋ.

ನಮ್ಮ ಜಗಳೂರಿನ ರಂಗಯ್ಯನದುರ್ಗದಲ್ಲಿ 2011ರಲ್ಲಿ ಕೊಂಡುಕುರಿಗೆ ಅಂತಲೇ ಅಭಯಾರಣ್ಯ ಆಯ್ತು. ನಾಲ್ಕು ಕೊಂಬಿನ, ಬಹಳ ನಾಚಿಕೆಯ ಪ್ರಾಣಿ ಅದು. ಅಂಥ ಕಾಡಿಗೆ ಕೇಳದೇ ಹೋಗಂಗಿಲ್ಲ, ಕೂಗಾಡಂಗಿಲ್ಲ, ಕಸ ಹಾಕಂಗಿಲ್ಲ. ಸರಿಯಾದ ನಿಯಮವೇ. ಆದ್ರೆ ಕಾಡಿನ ಕೊಂಡುಕುರಿಗೆ ಕೊಡೋ ಮರ್ಯಾದೆಯನ್ನ ನಾಡಿನ ಕುರಿ ಕಾಯೋ ಮನುಷ್ಯರಿಗೆ ಕೊಡೋದು ಬೇಡ್ವಾ?

ಇನ್ನೂ ದೊಡ್ಡ ವಿಷಯ ಒಂದೈತೆ. ಮಂಗೋಲಿಯಾದಿಂದ ಬಂದಾಗ ತಂಗಿ ಮಗಳು ಇದನ್ನೂ ಹೇಳಿದ್ಲು. ಅವಳು ಹೋಗೋಕೆ ಮುಂಚಿನ ಚಳಿಗಾಲದಲ್ಲಿ, 2023-24ರಲ್ಲಿ, ಹಿಮ ಗಟ್ಟಿಯಾಗಿ ಹುಲ್ಲು ಮುಚ್ಚಿಹೋಗಿ ಅಲ್ಲಿ 70 ಲಕ್ಷಕ್ಕಿಂತ ಹೆಚ್ಚು ಜಾನುವಾರು ಸತ್ವಂತೆ. ಅಂಥ ಹೊಡೆತಕ್ಕೆ ಅವರು ಜ಼ುಡ್ ಅಂತಾರೆ. ಮಂದೆ ಹೋದವರು ಗುಡಾರ ಕಟ್ಕೊಂಡು ಪಟ್ಟಣದ ಅಂಚಿಗೆ ಸೇರ್ತಾರೆ. ಪ್ರವಾಸಿಗರು ಎಷ್ಟೇ ಬರಲಿ, ಹುಲ್ಲು ಇಲ್ಲದಿದ್ರೆ ಆ ಬದುಕು ಉಳಿಯಲ್ಲ.

ನಮ್ಮಲ್ಲಿ ಹಿಮ ಇಲ್ಲ, ಬೇರೆ ಕಷ್ಟ ಐತೆ. ಗದ್ದೆ ಹೋಗಿ ಅಡಿಕೆ ತೋಟ ಆಯ್ತು, ತೋಟಕ್ಕೆ ತಂತಿ ಬೇಲಿ ಬಂತು. ಗೋಮಾಳ ಕರಗಿಹೋಗ್ತಾ ಐತೆ. ಪಕ್ಕದ ಚಳ್ಳಕೆರೆಯಲ್ಲಿ ಕುರಿ ದನ ಮೇಯ್ತಿದ್ದ ಅಮೃತ್ ಮಹಲ್ ಕಾವಲಿನ ಸಾವಿರಾರು ಎಕರೆ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳಿಗೆ ಹೋಯ್ತು. ದೇಶಕ್ಕೆ ಅವೂ ಬೇಕು ಅನ್ನಿ, ಆದ್ರೆ ಕುರಿಗೆ ಬೇರೆ ಜಾಗ ಯಾರು ತೋರಿಸಿದ್ರು? ಈಗ ಮಂದೆ ನಡೆಯೋದು ಲಾರಿ ಓಡೋ ಡಾಂಬರು ರಸ್ತೆ ಮೇಲೆ. ಅಣ್ಣನ ಮಗ, "ಕುರಿ ಮಾರಿ ಬೆಂಗಳೂರಿಗೆ ಹೋಗ್ತೀನಿ" ಅಂತಾನೆ. ಇಪ್ಪತ್ನಾಲ್ಕು ವರ್ಷದ ಹುಡುಗ, ಅವನದ್ದು ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ.

2025ರಲ್ಲಿ ನಮ್ಮ ರಾಜ್ಯದಲ್ಲಿ ವಲಸೆ ಕುರಿಗಾಹಿಗಳ ರಕ್ಷಣೆಗೆ ಅಂತ ಮಸೂದೆ ಪಾಸಾಯ್ತು. ಈ 2026ನೇ ಇಸವಿಯನ್ನ ವಿಶ್ವಸಂಸ್ಥೆಯವರು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷ ಅಂತ ಕರೆದಾರೆ. ಅದಕ್ಕೆ ಮುಂದಾಳತ್ವ ವಹಿಸಿದ್ದೂ ಅದೇ ಮಂಗೋಲಿಯಾ. ಸಂತೋಷ. ಆದ್ರೆ ವರ್ಷ ಮುಗಿಯೋದ್ರೊಳಗೆ ನಮ್ಮ ನಾಲ್ಕು ತಾಲ್ಲೂಕಿನ ನಡುವೆ ಕುರಿ ನಡೆಯೋ ದಾರಿಯಲ್ಲಿ ನೀರಿನ ತೊಟ್ಟಿ, ರಾತ್ರಿ ತಂಗೋಕೆ ಒಂದಿಷ್ಟು ಗೋಮಾಳ ಉಳಿಸಿಕೊಟ್ರೆ ಅದೇ ನಿಜವಾದ ಆಚರಣೆ.

ಕೆಲವರು ರಸ್ತೆ ಪಕ್ಕ ಒಂದು ಸುಳ್ಳು ಕುರಿಹಟ್ಟಿ ಕಟ್ಟಿ, ನಾಲ್ಕು ಕುರಿ ಕಟ್ಟಿ, ಕಂಬಳಿ ಹೊದಿಸಿ ಟಿಕೆಟ್ ಇಡೋಣ ಅಂತಾರೆ. ಅದರಲ್ಲಿ ಕುರಿಗಾಹಿಗೆ ಸಿಗೋದು ಕೂಲಿ, ಲಾಭ ಇನ್ಯಾರಿಗೋ. ಇನ್ನು ಕೆಲವರು ಯಾರೂ ಬರೋದೇ ಬೇಡ ಅಂತಾರೆ. ಅದೂ ನನಗೆ ಒಪ್ಪಿಗೆ ಇಲ್ಲ. ಕಂಬಳಿ ಮಾತೇ ತಗೊಳ್ರಿ. ಉಣ್ಣೆ ಕತ್ತರಿಸಿ, ನೂತು, ನೇಯ್ದು, ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸಿ ಮಾಡಿದ ಕಂಬಳಿ ಮಳೆ ಚಳಿ ಎರಡಕ್ಕೂ ಆಗ್ತದೆ. ಇವತ್ತು ಉಣ್ಣೆ ಕೊಳ್ಳೋರು ಇಲ್ಲ, ಕತ್ತರಿಸೋ ಕೂಲಿಯೂ ಹುಟ್ಟಲ್ಲ. ಬಂದವರು ಒಂದೊಂದು ಕಂಬಳಿ ಕೊಂಡ್ರೆ ಒಂದು ಮನೆ ಒಲೆ ಉರೀತದೆ. ಊಟಕ್ಕೆ ಉಪ್ಪಿನಕಾಯಿ ಹೆಂಗೋ ಹಂಗೆ ಈ ಪ್ರವಾಸ. ರುಚಿ ಕೊಡ್ತದೆ, ಹೊಟ್ಟೆ ತುಂಬಿಸೋದು ಮಾತ್ರ ಅನ್ನವೇ, ಅಂದ್ರೆ ಮೇವು.

ಈ ವರ್ಷ ಜನವರಿಯಲ್ಲಿ ತಂಗಿ ಮಗಳು ಮತ್ತೆ ಕೇಳಿದ್ಲು. "ನಿಮ್ಮ ಅತ್ತೆಯನ್ನೇ ಕೇಳು" ಅಂದೆ. ಅತ್ತಿಗೆ ಎರಡು ದಿನ ಯೋಚನೆ ಮಾಡಿ ಅವಳೇ ಷರತ್ತು ಹಾಕಿದ್ಲು. ಮೂರು ಜನಕ್ಕಿಂತ ಹೆಚ್ಚು ಬೇಡ. ಬೆಳಿಗ್ಗೆ ಕುರಿ ಎಬ್ಬಿಸೋ ಹೊತ್ತಿಗೆ ಬರಬೇಕು, ಕುರಿ ಹೋದ ಕಡೆ ನಡೀಬೇಕು, ಕುರೀನ ತಿರುಗಿಸೋದಿಲ್ಲ. ನಾಯಿ ಹತ್ರ ಹೋಗಬಾರದು. ಕೇಳದೇ ಫೋಟೋ ಇಲ್ಲ, ಒಲೆ ಹತ್ರ ಅಂತೂ ಇಲ್ಲವೇ ಇಲ್ಲ. ತಂದ ಕವರ್ ವಾಪಸ್ ಅವರ ಚೀಲದಲ್ಲೇ ಹೋಗಬೇಕು. ಊಟದ ದುಡ್ಡು ಅಣ್ಣನ ಕೈಗಲ್ಲ, ಅವಳ ಕೈಗೆ.

ಅಣ್ಣ ಮುಖ ಸಿಂಡರಿಸಿದ. ಅತ್ತಿಗೆ, "ರೊಟ್ಟಿ ಬಡಿಯೋದು ನಾನು, ನಾಚಿಕೆ ನಿನಗ್ಯಾಕೆ?" ಅಂದ್ಲು. ಸುಮ್ಮನಾದ.

ಮೂರು ಹೆಣ್ಣುಮಕ್ಕಳು ಬಂದ್ರು. ಸಂಜೆ ಹೊತ್ತಿಗೆ ಕಾಲು ಬೊಬ್ಬೆ ಬಂದಿತ್ತು. ಒಬ್ಬಳು ಆಗತಾನೆ ಹುಟ್ಟಿದ ಮರಿಯನ್ನ ಎರಡು ಮೈಲಿ ಎತ್ಕೊಂಡು ಬಂದಿದ್ಲು. ಊಟಕ್ಕೆ ಮುದ್ದೆ, ಹುರುಳಿಕಾಳು ಸಾರು. ಎರಡು ಕಂಬಳಿ ಕೊಂಡ್ರು. ಅಣ್ಣನ ಮಗ ಅವರಿಗೆ ಯಾವ ಗಿಡ ಕುರಿಗೆ ವಿಷ, ಯಾವ ಸೊಪ್ಪು ಔಷಧಿ ಅಂತ ದಾರಿ ಉದ್ದಕ್ಕೂ ಹೇಳಿದನಂತೆ. ಅವನ ಬಾಯಲ್ಲಿ ಅಷ್ಟು ಮಾತು ನಾನು ಕೇಳಿದ್ದೇ ಇಲ್ಲ. ಆದ್ರೂ ಬೆಂಗಳೂರಿನ ಮಾತು ಅವನು ಬಿಟ್ಟಿಲ್ಲ. ಬೇಲಿ ಇಲ್ಲದ ದಾರಿ ಸಿಕ್ಕಿದ್ರೆ ಬಿಡ್ತಾನೋ ಏನೋ.

ಅದಕ್ಕೇ ನಿಮ್ಮನ್ನ ಕೇಳ್ಕೊಳ್ಳೋದು ಇಷ್ಟೇ. ನಿಮ್ಮ ಮಕ್ಕಳು, ಮೊಮ್ಮಕ್ಕಳು ಬೆಂಗಳೂರಿಂದ ಸ್ನೇಹಿತರನ್ನ ಕರ್ಕೊಂಡು ಬಂದು ಮಂದೆ ನೋಡ್ತೀವಿ, ತಾಂಡಾ ನೋಡ್ತೀವಿ ಅಂದ್ರೆ, ಮೊದಲು ಆ ಮನೆ ಹೆಣ್ಣುಮಗಳನ್ನ ಕೇಳ್ರಿ. ಅವಳು ಬೇಡ ಅಂದ್ರೆ ಬೇಡ. ನಿಮ್ಮದೇ ಗದ್ದೆ ತೋಟ ಇದ್ರೆ ಬೇಲಿ ಹಾಕುವಾಗ ಕುರಿ ಹಾಯೋಕೆ ಒಂದು ಗಾಡಿ ಅಗಲ ದಾರಿ ಬಿಡ್ರಿ. ನಮ್ಮ ಗದ್ದೆ ಬದುವಲ್ಲಿ ನಾವು ಬಿಟ್ಟೀವಿ. ಮುಂದಿನ ದೀಪಾವಳಿ ಆದ ಮೇಲೆ ಅಣ್ಣ ಅತ್ತಿಗೆ ಮಂದೆ ಹೊಡ್ಕೊಂಡು ಅಲ್ಲೇ ಬರ್ತಾರೆ. ನೋಡೋ ಆಸೆ ಇದ್ದವರು ನನಗೆ ಹೇಳ್ರಿ, ನಾನು ಅತ್ತಿಗೇನ ಕೇಳಿ ಹೇಳ್ತೀನಿ.