ನಿಂತೇ ಇರುವವಳು

ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನ ಎಷ್ಟೋ ಬಟ್ಟೆ ಅಂಗಡಿಗಳಲ್ಲಿ ಗಲ್ಲಾದ ಮೇಲುಗಡೆ ಲಕ್ಷ್ಮಿಯ ಪಟವಿರುತ್ತದೆ. ಬೆಳಿಗ್ಗೆ ಹೂ ಮುಡಿಸಿ, ಊದುಬತ್ತಿ ಹಚ್ಚಿ, ಬೋಣಿಯ ನೋಟನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಪಟದ ಕೆಳಗೆ ಕೂತವನು ಬಹುಪಾಲು ಗಂಡಸು. ಹತ್ತು ಹೆಜ್ಜೆ ಆಚೆ, ಸೀರೆ ಬಿಡಿಸಿ ತೋರಿಸಿ ಮತ್ತೆ ಮಡಿಸುವ ಹುಡುಗಿ ಬಾಗಿಲು ತೆರೆದಾಗಿನಿಂದ ನಿಂತೇ ಇದ್ದಾಳೆ. ದೇವಿಗೆ ತಾವರೆ, ಯಜಮಾನನಿಗೆ ಕುರ್ಚಿ, ದುಡಿಯುವವಳಿಗೆ ಎರಡು ಕಾಲು. ಇದನ್ನು ಕಣ್ಣಾರೆ ಕಂಡೂ ನಾವು ಹೇಳುವುದು ಒಂದೇ ಮಾತು: 'ಈ ಬೀದಿ ನಡೆಯೋದೇ ಹೆಂಗಸರಿಂದ!'

ನಡೆಯುವುದು ಅವರಿಂದ, ಸರಿ. ನಡೆಸುವವರು ಯಾರು? ಈ ಪ್ರಶ್ನೆ ಕೇಳದೇ ಬದುಕುವ ಅಭ್ಯಾಸ ನಮಗೆ ಚೆನ್ನಾಗಿ ಒಗ್ಗಿಹೋಗಿದೆ.

ಕೇರಳದ ಕಲ್ಲಿಕೋಟೆಯ ಮಿಠಾಯಿ ಬೀದಿಯೂ ಇಂಥದೇ ಬಟ್ಟೆ ಪೇಟೆ. ಅಲ್ಲಿನ ಹೆಂಗಸರು ಹೊಲಿಗೆ ಕೆಲಸದ ಪಿ. ವಿಜಿಯವರ ಮುಂದಾಳತ್ವದಲ್ಲಿ ಶೌಚಾಲಯಕ್ಕಾಗಿ, ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳ ಕಾನೂನು ತಿದ್ದಿತು, 2021ರಲ್ಲಿ ತಮಿಳುನಾಡೂ ತಿದ್ದಿತು. ಅಷ್ಟಕ್ಕೂ ಒಂದು ಸ್ಟೂಲ್ ಹಾಕಲು ಕಾನೂನೇ ಬರಬೇಕೆ? ನಮ್ಮ ಅಂಗಡಿ ಹುಡುಗಿಯನ್ನು 'ಶಕ್ತಿ' ಯೋಜನೆಯ ಬಸ್ಸು 2023ರಿಂದ ಶಿವಾಜಿನಗರ ನಿಲ್ದಾಣದವರೆಗೆ ಪುಕ್ಕಟೆಯಾಗಿ ತಂದು ಬಿಡುತ್ತಿದೆ. ಬಸ್ಸಿನಲ್ಲಿ ಸಿಕ್ಕರೂ ಸಿಗಬಹುದಾದ ಸೀಟು ಅಂಗಡಿಯಲ್ಲಿ ಸಿಗುವುದಿಲ್ಲ.

ತಂತ್ರಜ್ಞಾನ ಎಲ್ಲವನ್ನೂ ಸರಿಮಾಡುತ್ತದೆ ಎಂಬುದು ಈ ಊರಿನ ಇನ್ನೊಂದು ಮೂಢನಂಬಿಕೆ. ಫಾಲ್, ಪಿಕೊ ಹಾಕಿದವಳ ಮುಂದೆ ಕ್ಯೂಆರ್ ಕೋಡ್ ಇದೆ, ಪಕ್ಕದ ಪುಟ್ಟ ಪೆಟ್ಟಿಗೆ ಹಣ ಬಂತೆಂದು ಕೂಗುತ್ತದೆ. ಬಂದದ್ದು ಯಾರ ಖಾತೆಗೆ? ಫೋನು ಯಾರ ಜೇಬಿನಲ್ಲಿದೆ? ಗಂಡನದೋ ಮಾಲೀಕನದೋ ಆದರೆ ಆ ಪೆಟ್ಟಿಗೆ ಹಳೇ ಗಲ್ಲಾವೇ, ಕೂಗಲು ಕಲಿತಿದೆ ಅಷ್ಟೆ.

ಇನ್ನು ರಾಜಕೀಯ. ಸ್ಥಳೀಯ ಸಂಸ್ಥೆಗಳಲ್ಲಿ ಹೆಣ್ಣಿಗೆ ಕಾಲುಭಾಗ ಮೀಸಲಿಟ್ಟು 1987ರಲ್ಲೇ ಚುನಾವಣೆ ನಡೆಸಿದವರು ನಾವು ಕರ್ನಾಟಕದವರು, ಸಂವಿಧಾನದ 73ನೇ ತಿದ್ದುಪಡಿಗೂ ಮೊದಲೇ. ಆ ಜಂಬ ಇನ್ನೂ ಇಳಿದಿಲ್ಲ. ಆದರೆ 2023ರಲ್ಲಿ 224 ವಿಧಾನಸಭಾ ಸ್ಥಾನಗಳಲ್ಲಿ ಗೆದ್ದ ಮಹಿಳೆಯರು 10. ಬೆಂಗಳೂರಿನ 28ರಲ್ಲಿ ಒಬ್ಬರೇ, ಅದೂ ಪತಿ ಹಿಂದೆ ಗೆದ್ದಿದ್ದ ಮಹದೇವಪುರದಿಂದ. ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಿದ್ದ ನಗರಪಾಲಿಕೆ ಬಿಬಿಎಂಪಿಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆಯುವವರೆಗೂ ಚುನಾವಣೆಯೇ ಆಗಲಿಲ್ಲ. ಹೆಣ್ಣಿಗೆ ಅರ್ಧ ಪಾಲಿದ್ದ ಸಭೆ ಐದು ವರ್ಷ ಬಾಗಿಲು ಮುಚ್ಚಿದ್ದರೂ ನಮಗೆ ನಿದ್ದೆ ಕೆಡಲಿಲ್ಲ. ರಸ್ತೆ ಗುಂಡಿಗೆ ಬೈದೆವು, ಖಾಲಿ ಕುರ್ಚಿಗೆ ಬೈಯಲಿಲ್ಲ.

ತಪ್ಪನ್ನು ಮಾಲೀಕನ ತಲೆಗೋ ಮಂತ್ರಿಯ ತಲೆಗೋ ಕಟ್ಟಿ ಕೈತೊಳೆದುಕೊಳ್ಳಬೇಡಿ. ನಲವತ್ತು ಸೀರೆ ಬಿಚ್ಚಿಸಿ, ಐವತ್ತು ರೂಪಾಯಿಗೆ ಚೌಕಾಸಿ ಮಾಡಿ, ಏನೂ ಕೊಳ್ಳದೆ ಎದ್ದು ಬರುವವರು ನಾವು. ಎದ್ದು ಬರುತ್ತೇವೆ, ಏಕೆಂದರೆ ನಮಗೆ ಕುರ್ಚಿ ಹಾಕಿದ್ದರು. ಎದುರಿಗಿದ್ದವಳು ನಿಂತಿದ್ದಾಳೆಂಬುದು ಕಣ್ಣಿಗೆ ಬೀಳಲಿಲ್ಲ. ಮಹಿಳಾ ದಿನವಾದ ಮಾರ್ಚ್ 8ರಂದು ರಿಯಾಯಿತಿಯ ಬೋರ್ಡು ಮಾತ್ರ ಕಣ್ಣಿಗೆ ಬಿತ್ತು.

ಮುಂದಿನ ಸಲ ಹೋದಾಗ ಎರಡು ಪ್ರಶ್ನೆ ಕೇಳಿ. ಈ ಹುಡುಗಿಗೆ ಸ್ಟೂಲ್ ಎಲ್ಲಿ? ಹತ್ತು ಮಂದಿ ದುಡಿಯುವ ಈ ಅಂಗಡಿಯಲ್ಲಿ, 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಕಡ್ಡಾಯ ಮಾಡಿರುವ ಆಂತರಿಕ ಸಮಿತಿ ಎಲ್ಲಿ? ಉತ್ತರ ಸಿಗುವವರೆಗೆ ನೀವೂ ಕೂರಬೇಡಿ.